ಟೇಪಿನ ಗೆರೆ ಕಪ್ಪಾಗಿತ್ತು: ಒಂದು ಸಿಎಸ್‌ಎಸ್‌ಡಿಯಲ್ಲಿ ಏಕರೂಪದ ತರಬೇತಿ ತಂದ ಪ್ರಕರಣ

ಇದು ಉತ್ತರ ಕರ್ನಾಟಕದ ಪಟ್ಟಣವೊಂದರಲ್ಲಿ ಧರ್ಮಾರ್ಥ ಸಂಸ್ಥೆ ನಡೆಸುವ ಮಧ್ಯಮ ಗಾತ್ರದ ಆಸ್ಪತ್ರೆಯ ಸಿಎಸ್‌ಎಸ್‌ಡಿಯ, ಅಂದರೆ ಶಸ್ತ್ರಕ್ರಿಯೆಯ ಉಪಕರಣಗಳನ್ನು ತೊಳೆದು, ಸೂಕ್ಷ್ಮಾಣು ಒಂದೂ ಉಳಿಯದಂತೆ ಸ್ಟೆರಿಲೈಸ್ ಮಾಡಿ ಒದಗಿಸುವ ವಿಭಾಗದ ಪ್ರಕರಣ. ಆಸ್ಪತ್ರೆ, ಊರು, ಸಿಬ್ಬಂದಿ ಯಾರೆಂದು ಗೊತ್ತಾಗುವಂತಹ ವಿವರಗಳನ್ನು ಬಿಟ್ಟಿದ್ದೇನೆ. ನಾನು ಆಗ ಅಲ್ಲಿ ಸೋಂಕು ನಿಯಂತ್ರಣದ ಹೊಣೆ ಹೊತ್ತ ಶುಶ್ರೂಷಾಧಿಕಾರಿಯಾಗಿದ್ದೆ. ಇಂಥದೇ ವಿಭಾಗವನ್ನು ನೋಡಿಕೊಳ್ಳುವವರಿಗೆ ನಮ್ಮ ತಪ್ಪುಗಳೂ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ, ನಾವು ಎಲ್ಲಿ ಎಡವಿದೆವು ಎಂಬುದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಆಸ್ಪತ್ರೆಯಲ್ಲಿ ನಾಲ್ಕು ಆಪರೇಷನ್ ಥಿಯೇಟರ್‌ಗಳು ಮತ್ತು ಒಂದು ಹೆರಿಗೆ ಕೋಣೆ ಇದ್ದವು. ಇವಕ್ಕೆಲ್ಲ ಸ್ಟೆರಿಲೈಸ್ ಮಾಡಿದ ಉಪಕರಣ ಮತ್ತು ಬಟ್ಟೆ ಒದಗಿಸುವ ಸಿಎಸ್‌ಎಸ್‌ಡಿ ನೆಲಮಹಡಿಯ ಹಿಂಬದಿಯಲ್ಲಿ, ಲಾಂಡ್ರಿಗೆ ಅಂಟಿಕೊಂಡಿತ್ತು. ಯಂತ್ರಗಳು ಎರಡು: ನಿರ್ವಾತ ಪಂಪ್ ಇರುವ ಒಂದು ದೊಡ್ಡ ಆಟೋಕ್ಲೇವ್ (ಒತ್ತಡದ ಹಬೆಯಿಂದ ಸ್ಟೆರಿಲೈಸ್ ಮಾಡುವ ಯಂತ್ರ), ಮತ್ತು ಬಟ್ಟೆ ತುಂಬುವ ಡ್ರಮ್‌ಗಳಿಗಾಗಿ ಬಳಸುತ್ತಿದ್ದ ಒಂದು ಹಳೆಯ ಆಟೋಕ್ಲೇವ್. ಒಂಬತ್ತು ಮಂದಿ ಕೆಲಸ ಮಾಡುತ್ತಿದ್ದರು. ಅವರಲ್ಲಿ ಮೂವರು ಕಾಯಂ ನೌಕರರು, ಉಳಿದ ಆರು ಮಂದಿ ಹೊರಗುತ್ತಿಗೆಯ ಮೇಲೆ ಬಂದವರು. ಈ ಕೆಲಸಕ್ಕೆಂದೇ ಓದಿ ಬಂದವರು ಯಾರೂ ಇರಲಿಲ್ಲ. ಒಬ್ಬರು ಮೊದಲು ವಾರ್ಡಿನಲ್ಲಿ ಆಯಾ ಆಗಿದ್ದರು, ಇಬ್ಬರು ಲಾಂಡ್ರಿಯಿಂದ ವರ್ಗವಾಗಿ ಬಂದಿದ್ದರು, ಒಬ್ಬ ಯುವಕ ಐಟಿಐ ಮುಗಿಸಿ ಬೇರೆ ಕೆಲಸ ಸಿಗದೆ ಸೇರಿದ್ದ. ಪ್ರತಿಯೊಬ್ಬರೂ ತಾವು ಸೇರಿದ ದಿನಗಳಲ್ಲಿ ಪಾಳಿಯಲ್ಲಿದ್ದ ಹಿರಿಯರನ್ನು ನೋಡಿ ಕಲಿತಿದ್ದರು. ಬೇರೆ ಬೇರೆ ಹಿರಿಯರು ಬೇರೆ ಬೇರೆ ರೀತಿಯಲ್ಲಿ ಕಲಿಸಿದ್ದರು ಎಂಬುದು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ, ನನ್ನ ಗಮನಕ್ಕೂ ಬಂದಿರಲಿಲ್ಲ.

ಕೀಲಿನೊಳಗಿನ ಕಲೆ

ಒಂದು ಬೆಳಿಗ್ಗೆ ಹರ್ನಿಯಾ ಶಸ್ತ್ರಕ್ರಿಯೆಗೆ ಸೆಟ್ ಬಿಚ್ಚಲಾಯಿತು. ಪ್ಯಾಕಿನ ಹೊರಗೆ ಅಂಟಿಸಿದ, ಆಟೋಕ್ಲೇವಿನಲ್ಲಿ ಬಣ್ಣ ಬದಲಿಸುವ ಟೇಪಿನ ಗೆರೆಗಳು ಕಪ್ಪಾಗಿದ್ದವು, ಹಬೆ ಒಳಗೆ ತಲುಪಿತೆಂದು ತೋರಿಸಲು ಇಟ್ಟ ಇಂಡಿಕೇಟರ್ ಬಣ್ಣ ಬದಲಿಸಿತ್ತು, ಚೀಟಿಯ ಮೇಲೆ ದಿನಾಂಕ, ಸೈಕಲ್ (ಯಂತ್ರದ ಒಂದು ಸುತ್ತು) ಸಂಖ್ಯೆ, ಸಹಿ ಎಲ್ಲವೂ ಇದ್ದವು. ಶಸ್ತ್ರಕ್ರಿಯೆಯಲ್ಲಿ ಉಪಕರಣ ಕೊಡುವ ಸ್ಕ್ರಬ್ ಸಿಸ್ಟರ್ ಅಭ್ಯಾಸದಂತೆ, ರಕ್ತನಾಳ ಹಿಡಿಯುವ ಕತ್ತರಿಯಾಕಾರದ ಆರ್ಟರಿ ಫೋರ್ಸೆಪ್ಸನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡುತ್ತಿದ್ದಾಗ, ಒಂದರ ಕೀಲಿನಲ್ಲಿ ಅರ್ಧ ಸಾಸಿವೆ ಕಾಳಿನಷ್ಟು ಕಂದು ಕಲೆ ಕಂಡಿತು. ಗಾಜ್ ತುಂಡಿನಿಂದ ಒತ್ತಿದರೆ ಅದು ಪುಡಿಯಾಗಿ ಉದುರಿತು. ಹಿಂದಿನ ರೋಗಿಯೊಬ್ಬರ ಒಣಗಿದ ರಕ್ತ. ಅಷ್ಟರಲ್ಲಿ ಮೇಜಿನ ಮೇಲಿದ್ದ ರೋಗಿಗೆ ಬೆನ್ನಿನ ಅರಿವಳಿಕೆ ಕೊಟ್ಟಾಗಿತ್ತು, ಬದಲಿ ಸೆಟ್ ಸಿದ್ಧವಿರಲಿಲ್ಲ. ಪಕ್ಕದ ಥಿಯೇಟರಿನ ಸೆಟ್ಟನ್ನು ತಂದು ಶಸ್ತ್ರಕ್ರಿಯೆ ಮುಗಿಸಬೇಕಾಯಿತು. ರೋಗಿ ಯಾವ ತೊಂದರೆಯೂ ಇಲ್ಲದೆ ಮನೆಗೆ ಹೋದರು. ಆದರೆ ಆ ಸಿಸ್ಟರ್ ಕೀಲನ್ನು ತೆರೆದು ನೋಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಆ ದಿನ ಥಿಯೇಟರಿನಲ್ಲಿದ್ದ ಯಾರನ್ನೂ ಬಿಡಲಿಲ್ಲ.

ದೇಹದೊಳಗಿನ ಶುದ್ಧ ಅಂಗಾಂಶವನ್ನು ಮುಟ್ಟುವ ಉಪಕರಣ ಸ್ಟೆರೈಲ್ ಆಗಿರಲೇಬೇಕು ಎಂಬುದು ಉಪಕರಣಗಳನ್ನು ಸೋಂಕಿನ ಅಪಾಯಕ್ಕೆ ತಕ್ಕಂತೆ ವಿಂಗಡಿಸಿದ ಅರ್ಲ್ ಸ್ಪಾಲ್ಡಿಂಗ್ ಅವರ ಕಾಲದಿಂದ ಒಪ್ಪಿತವಾದ ನಿಯಮ. ಅದಕ್ಕಿಂತ ಮೊದಲಿನ ನಿಯಮವೊಂದಿದೆ: ತೊಳೆದು ಶುದ್ಧವಾಗದ ವಸ್ತುವನ್ನು ಸ್ಟೆರಿಲೈಸ್ ಮಾಡಲಾಗದು. ಕೀಲಿನೊಳಗೆ ಒಣಗಿ ಕೂತ ರಕ್ತದ ಪದರದ ಕೆಳಗಿರುವ ಸೂಕ್ಷ್ಮಾಣುವಿಗೆ ಹಬೆ ತಲುಪುತ್ತದೆಂಬ ಖಾತರಿಯಿಲ್ಲ. ಟೇಪಿನ ಗೆರೆ ಕಪ್ಪಾಗುವುದು ಪ್ಯಾಕ್ ಯಂತ್ರದೊಳಗೆ ಹೋಗಿ ಬಂದಿದೆ ಎಂಬುದಕ್ಕೆ ಮಾತ್ರ ಗುರುತು. ಒಳಗಿರುವುದು ಶುದ್ಧವಾಗಿದೆ ಎಂದು ಅದು ಹೇಳುವುದೇ ಇಲ್ಲ. ನಮ್ಮ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಅದು ಹಾಗೆ ಹೇಳುತ್ತದೆಂದೇ ನಂಬಿದ್ದರು ಎಂದು ನನಗೆ ತಿಳಿದದ್ದು ಮುಂದೆ.

ಮೊದಲ ಎರಡು ಪ್ರಯತ್ನಗಳು

ಮೊದಲು ಮಾಡಿದ್ದು ತಪ್ಪಿತಸ್ಥರನ್ನು ಹುಡುಕುವ ಕೆಲಸ. ಚೀಟಿಯ ಮೇಲಿದ್ದ ಸಹಿಯ ಆಧಾರದಲ್ಲಿ ಒಬ್ಬ ಗುತ್ತಿಗೆ ನೌಕರಳಿಗೆ ಕಾರಣ ಕೇಳಿ ಮೆಮೊ ಕೊಡಲಾಯಿತು. ಅದರ ಕರಡು ಬರೆದವಳು ನಾನೇ. ಆಕೆ ಪ್ಯಾಕ್ ಮಾಡಿದ್ದರೇ ಹೊರತು ಆ ಫೋರ್ಸೆಪ್ಸನ್ನು ತೊಳೆದವರು ಬೇರೆ ಪಾಳಿಯವರು. ಮೆಮೊ ಕೊಟ್ಟ ಮುಂದಿನ ತಿಂಗಳು ಸಿಎಸ್‌ಎಸ್‌ಡಿಯಿಂದ ದೋಷದ ವರದಿ ಒಂದೂ ಬರಲಿಲ್ಲ. ಆಡಳಿತಾಧಿಕಾರಿಗಳು ಅದನ್ನು ಸುಧಾರಣೆಯೆಂದು ಎಣಿಸಿದರು. ಆದರೆ ಥಿಯೇಟರಿನ ಸಿಸ್ಟರ್‌ಗಳನ್ನು ಕೇಳಿದಾಗ ಒದ್ದೆ ಪ್ಯಾಕುಗಳು, ಸೆಟ್ಟಿನಲ್ಲಿ ಕಡಿಮೆ ಬೀಳುವ ಉಪಕರಣಗಳು ಮೊದಲಿನಷ್ಟೇ ಬರುತ್ತಿದ್ದವು. ಬದಲಾದದ್ದು ಒಂದೇ: ಹೇಳಿದರೆ ಯಾರದೋ ಸಂಬಳಕ್ಕೆ ಕುತ್ತು ಬರುತ್ತದೆಂದು ಎರಡೂ ಕಡೆಯವರು ಮಾತಾಡುವುದನ್ನು ನಿಲ್ಲಿಸಿದ್ದರು. ಮೆಮೊ ಹಿಂತೆಗೆದುಕೊಳ್ಳಿರೆಂದು ನಾನು ಲಿಖಿತವಾಗಿ ಕೇಳಿದೆ, ವೈದ್ಯಕೀಯ ಅಧೀಕ್ಷಕರು ಒಪ್ಪಿದರು. ಮುಂದೆ ನಡೆದದ್ದೆಲ್ಲ ಸಾಧ್ಯವಾದದ್ದು ಈ ನಿರ್ಧಾರದಿಂದ ಎಂದು ನಾನು ಈಗಲೂ ನಂಬುತ್ತೇನೆ.

ಎರಡನೆಯ ಪ್ರಯತ್ನ ಒಂದು ದಿನದ ತರಬೇತಿ. ರಾಸಾಯನಿಕ ಪೂರೈಸುವ ಕಂಪನಿಯ ಪ್ರತಿನಿಧಿ ಬಂದು ಸಭಾಂಗಣದಲ್ಲಿ ಇಂಗ್ಲಿಷ್ ಸ್ಲೈಡುಗಳನ್ನು ತೋರಿಸಿ, ನಡುನಡುವೆ ಹಿಂದಿಯಲ್ಲಿ ವಿವರಿಸಿದರು. ಕೊನೆಯಲ್ಲಿ ಪ್ರಶ್ನಪತ್ರಿಕೆ ಕೊಟ್ಟರು. ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡು ಉತ್ತರ ಬರೆದರು, ಎಲ್ಲರಿಗೂ ಒಳ್ಳೆಯ ಅಂಕ ಬಂತು, ಹಾಜರಿ ಪಟ್ಟಿ ಕಡತಕ್ಕೆ ಸೇರಿತು. ಎರಡು ವಾರ ಬಿಟ್ಟು ತೊಟ್ಟಿಯ ಬಳಿ ಹೋಗಿ ನಿಂತು ನೋಡಿದರೆ ಒಂದು ಕೈಚಲನೆಯೂ ಬದಲಾಗಿರಲಿಲ್ಲ.

ತೊಟ್ಟಿಯ ಬಳಿ ಕಂಡದ್ದು

ಆಮೇಲೆ ನಾನು ಮೂರು ವಾರ, ಮೂರೂ ಪಾಳಿಗಳಲ್ಲಿ, ಏನನ್ನೂ ತಿದ್ದದೆ ಬರೀ ನೋಡುತ್ತ ನಿಂತೆ. ಏಪ್ರನ್ ಕಟ್ಟಿಕೊಂಡು, ಅವರ ಜೊತೆಗೇ ಚಹಾ ಕುಡಿದು, ಪ್ರತಿಯೊಬ್ಬರೂ ಏನು ಮಾಡುತ್ತಾರೆ ಎಂಬುದನ್ನು ಹಾಗೆ ಹಾಗೇ ಬರೆದುಕೊಂಡೆ. ಈ ಮೂರು ವಾರ ಕಲಿಸಿದಷ್ಟನ್ನು ಅದಕ್ಕೆ ಮೊದಲಿನ ವರ್ಷಗಳು ನನಗೆ ಕಲಿಸಿರಲಿಲ್ಲ.

ಉಪಕರಣದ ಮೇಲಿನ ರಕ್ತ, ಕೊಳೆಯನ್ನು ಸಡಿಲಿಸುವ ಎಂಜೈಮ್ ದ್ರಾವಣ ಬೆರೆಸುವುದನ್ನೇ ನೋಡಿ. ಒಬ್ಬರು ಬಕೆಟಿಗೆ ಒಂದು ಮುಚ್ಚಳ ಹಾಕುತ್ತಿದ್ದರು, ಬಕೆಟ್ ಯಾವ ಗಾತ್ರದ್ದಾದರೂ ಸರಿ. ಇನ್ನೊಬ್ಬರು ಕೈಯಂದಾಜಿನಲ್ಲಿ ಸುರಿಯುತ್ತಿದ್ದರು. ಮತ್ತೊಬ್ಬರು ನೊರೆ ಬರುವವರೆಗೆ ಹಾಕುತ್ತಲೇ ಇರುತ್ತಿದ್ದರು; ಈ ದ್ರಾವಣ ನೊರೆ ಕಡಿಮೆ ಬರುವಂತೆಯೇ ತಯಾರಾಗಿರುವುದರಿಂದ ಅವರ ಪಾಳಿಯಲ್ಲಿ ಕ್ಯಾನು ಬೇಗ ಖಾಲಿಯಾಗುತ್ತಿತ್ತು. ಲಾಂಡ್ರಿಯಿಂದ ಬಂದವರು ಗೀಸರಿನ ಕುದಿಬಿಸಿ ನೀರನ್ನು ಬಳಸುತ್ತಿದ್ದರು, ಬಟ್ಟೆಗೆ ಅದೇ ಒಳ್ಳೆಯದೆಂದು ಅವರು ಕಲಿತಿದ್ದರು. ಆದರೆ ನೀರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಕ್ತದ ಪ್ರೋಟೀನ್ ಹೆಪ್ಪುಗಟ್ಟಿ, ಮೊಟ್ಟೆಯ ಬಿಳಿ ಬಾಣಲೆಗೆ ಕಚ್ಚಿಕೊಳ್ಳುವಂತೆ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಫೋರ್ಸೆಪ್ಸ್‌ಗಳನ್ನು ಬಹುತೇಕ ಎಲ್ಲರೂ ಹಿಡಿಕೆಯ ಲಾಕ್ ಹಾಕಿ, ಬಾಯಿ ಮುಚ್ಚಿದಂತೆಯೇ ತೊಳೆಯುತ್ತಿದ್ದರು, ಬಿಚ್ಚಿದರೆ ಕೈಗೆ ತಾಗೀತು ಎಂಬ ಭಯ. ಕೀಲಿನೊಳಗೆ ಬ್ರಷ್ ಹೋಗದಿರಲು, ಆ ಬೆಳಿಗ್ಗೆಯ ಕಂದು ಕಲೆ ಅಲ್ಲಿ ಉಳಿಯಲು ಕಾರಣ ಇಷ್ಟೇ.

ಪ್ಯಾಕಿಂಗ್ ಮೇಜಿನಲ್ಲಿ ಇಂಡಿಕೇಟರನ್ನು ಸೆಟ್ಟಿನ ಮೇಲ್ಭಾಗದಲ್ಲಿ ಇಡುತ್ತಿದ್ದರು, ಬಿಚ್ಚಿದ ಕೂಡಲೇ ಕಾಣಲಿ ಎಂದು; ಹಬೆ ತಲುಪುವುದು ಕಷ್ಟವಿರುವ ನಡುಭಾಗದಲ್ಲಿ ಅದು ಇರಬೇಕಿತ್ತು. ಹಳೆಯ ಡ್ರಮ್‌ಗಳ ಪಕ್ಕದ ರಂಧ್ರಗಳನ್ನು ಒಳಗೆ ಇಡುವಾಗ ತೆರೆಯಲು, ಹೊರತೆಗೆದ ಮೇಲೆ ಮುಚ್ಚಲು ಕೆಲವೊಮ್ಮೆ ಮರೆಯುತ್ತಿದ್ದರು. ಥಿಯೇಟರಿನಿಂದ ಫೋನ್ ಬಂದರೆ ಒಣಗುವ ಅವಧಿ ಮುಗಿಯುವ ಮೊದಲೇ ಬಾಗಿಲು ತೆಗೆಯುತ್ತಿದ್ದರು, ಬಿಸಿ ಪ್ಯಾಕುಗಳನ್ನು ತಣ್ಣನೆಯ ಸ್ಟೀಲ್ ಮೇಜಿನ ಮೇಲಿಟ್ಟು ಸೀಲಿಂಗ್ ಫ್ಯಾನ್ ಕೆಳಗೆ ಆರಿಸುತ್ತಿದ್ದರು. ಒದ್ದೆ ಬಟ್ಟೆಯ ಮೂಲಕ ಹೊರಗಿನ ಸೂಕ್ಷ್ಮಾಣು ಒಳಗೆ ಇಳಿಯುವುದರಿಂದ ಒದ್ದೆ ಪ್ಯಾಕನ್ನು ಸ್ಟೆರೈಲ್ ಎಂದು ಪರಿಗಣಿಸುವಂತಿಲ್ಲ. 1963ರಲ್ಲಿ ಪ್ರಕಟವಾದ ಬೋವಿ-ಡಿಕ್ ಪರೀಕ್ಷೆ ನಿರ್ವಾತದ ಆಟೋಕ್ಲೇವಿನಿಂದ ಗಾಳಿ ಪೂರ್ತಿ ಹೊರಹೋಗುತ್ತಿದೆಯೇ ಎಂದು ತಿಳಿಯಲು ಬೆಳಿಗ್ಗೆ ಮೊದಲ ಲೋಡಿಗಿಂತ ಮುಂಚೆ, ಖಾಲಿ ಯಂತ್ರದಲ್ಲಿ ಮಾಡಬೇಕಾದದ್ದು. ನಮ್ಮಲ್ಲಿ ಅದು ಮಧ್ಯಾಹ್ನ ಬಿಡುವಾದಾಗ ನಡೆಯುತ್ತಿತ್ತು. ರಿಜಿಸ್ಟರಿನ ಪುಟಗಳಲ್ಲಿ ಇಡೀ ದಿನದ ಸೈಕಲ್‌ಗಳ ಎದುರು ಒಂದೇ ಪೆನ್ನಿನಲ್ಲಿ, ಒಂದೇ ಬೀಸಿನಲ್ಲಿ ಉಷ್ಣಾಂಶ 134 ಎಂದು ಬರೆದಿತ್ತು.

ಇವರಲ್ಲಿ ಯಾರೂ ಸೋಮಾರಿಗಳಲ್ಲ. ಮಳೆಗಾಲದಲ್ಲಿ ಬಸ್ಸಿಲ್ಲದ ದಿನ ನಡೆದು ಬಂದು ರಾತ್ರಿಪಾಳಿ ಮಾಡಿದವರು. ಒಂದೊಂದು ತಪ್ಪಿನ ಹಿಂದೆಯೂ ಒಂದು ಲೆಕ್ಕವಿತ್ತು, ಆ ಲೆಕ್ಕ ತಪ್ಪೆಂದು ಅವರ ಭಾಷೆಯಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ.

ಪಾಠ ಕಟ್ಟಿದ ಬಗೆ

ವಿಶ್ವ ಆರೋಗ್ಯ ಸಂಸ್ಥೆಯ 2016ರ ಕೈಪಿಡಿ ಮತ್ತು ಕೇಂದ್ರ ಆರೋಗ್ಯ ಸಚಿವಾಲಯ 2020ರ ಜನವರಿಯಲ್ಲಿ ಹೊರತಂದ ಸೋಂಕು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿ ಎರಡೂ ನನ್ನ ಕಪಾಟಿನಲ್ಲಿದ್ದವು. ಅವುಗಳನ್ನು ಅನುವಾದಿಸಿ ಗೋಡೆಗೆ ಅಂಟಿಸುವ ಯೋಚನೆಯನ್ನು ಬಿಟ್ಟೆವು. ಬದಲಿಗೆ ತೊಟ್ಟಿಯ ಬಳಿ ನಡೆಯುವ ಕೆಲಸವನ್ನು ಹನ್ನೊಂದು ಹೆಜ್ಜೆಗಳಾಗಿ ಒಡೆದು, ಸಿಬ್ಬಂದಿ ತಾವೇ ಆಡುವ ಮಾತಿನಲ್ಲಿ ಬರೆದು, ಅದೇ ತೊಟ್ಟಿಯ, ಅವರದೇ ಕೈಗಳ ಫೋಟೊ ಹಾಕಿದೆವು. ಪ್ರತಿ ಹೆಜ್ಜೆಯ ಕೆಳಗೆ ‘ಯಾಕೆ’ ಎಂಬ ಒಂದು ಸಾಲು. ಅಳತೆಯ ಗೊಂದಲವನ್ನು ಮಾತಿನಲ್ಲಿ ಬಿಡಿಸುವುದಕ್ಕಿಂತ, ತೊಟ್ಟಿಯ ಒಳಗೋಡೆಯ ಮೇಲೆ 20 ಲೀಟರಿನ ಗೆರೆ ಎಳೆದು, ಅಷ್ಟು ನೀರಿಗೆ ಬೇಕಾದ ದ್ರಾವಣದ ಗುರುತಿರುವ ಒಂದೇ ಮಗ್ ಇಟ್ಟೆವು. ಓದಲು ಬಾರದವರಿಗೂ ಗೆರೆ ಕಾಣುತ್ತದೆ.

ಕಲಿಸುವವರು ಯಾರು ಎಂಬುದು ದೊಡ್ಡ ನಿರ್ಧಾರವಾಗಿತ್ತು. ನಾನು ಕಲಿಸಿದರೆ ನಾನಿರುವ ತನಕ ಮಾತ್ರ ನಡೆಯುತ್ತದೆ. ವಿಭಾಗದ ಅತ್ಯಂತ ಹಿರಿಯ ನೌಕರಳೇ ಕಲಿಸಬೇಕೆಂದು ನನ್ನ ಆಸೆ, ಆದರೆ ಅತಿ ಹೆಚ್ಚು ವಿರೋಧ ಬಂದದ್ದೂ ಅವರಿಂದಲೇ. ‘ನಾ ಹದಿನೆಂಟ ವರ್ಷದಿಂದ ಇದ ಕೆಲಸ ಮಾಡಾಕತ್ತೀನ್ರಿ, ಯಾವ ಪೇಶೆಂಟ್ ಸತ್ತಾರ ಹೇಳ್ರಿ’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಯಾವ ಗಾಯದ ಕೀವು ಯಾವ ಫೋರ್ಸೆಪ್ಸ್‌ನಿಂದ ಬಂತೆಂದು ನಮ್ಮಲ್ಲಿ ಯಾರೂ ಲೆಕ್ಕ ಇಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವರು ತೊಳೆದು ಬಟ್ಟೆಯ ಮೇಲೆ ಹರಡಿದ್ದ ಹತ್ತು ಫೋರ್ಸೆಪ್ಸ್‌ಗಳ ಎದುರು ಕೂತೆವು. ನನ್ನ ಕೈಯಲ್ಲಿ ವಾರ್ಡಿನಿಂದ ತಂದ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸಿರಿಂಜ್ ಇದ್ದವು. ನಾನು ಹಾಕಲಿಲ್ಲ, ಸಿರಿಂಜನ್ನು ಅವರ ಕೈಗೇ ಕೊಟ್ಟೆ. ಒಂದೊಂದು ಕೀಲಿನೊಳಗೂ ಅವರು ಒಂದೊಂದು ಹನಿ ಬಿಟ್ಟರು. ಮೊದಲ ಮೂರರಲ್ಲಿ ಏನೂ ಆಗಲಿಲ್ಲ. ನಾಲ್ಕನೆಯದರ ಕೀಲಿನಿಂದ ಬಿಳಿ ನೊರೆ ಸಣ್ಣಗೆ ಉಕ್ಕಿ ಹಿಡಿಕೆಯ ಮೇಲೆ ಹರಿಯಿತು. ರಕ್ತ ಉಳಿದಿದ್ದರೆ ಅದರಲ್ಲಿರುವ ಕಿಣ್ವ ಪೆರಾಕ್ಸೈಡನ್ನು ಒಡೆದು ಹೀಗೆ ನೊರೆ ಎಬ್ಬಿಸುತ್ತದೆ. ಅವರು ಮಾತಾಡಲಿಲ್ಲ, ಟಾರ್ಚ್ ತರಿಸಿ ಕೀಲಿನೊಳಗೆ ಬಹಳ ಹೊತ್ತು ನೋಡಿದರು, ಉಳಿದ ಆರನ್ನೂ ಪರೀಕ್ಷಿಸಿದರು, ನೊರೆ ಬಂದವುಗಳನ್ನು ಲಾಕ್ ಬಿಚ್ಚಿ ಬ್ರಷ್ ಹಾಕಿ ಮತ್ತೆ ತೊಳೆದರು, ಮತ್ತೆ ಹನಿ ಬಿಟ್ಟರು. ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಐಟಿಐ ಓದಿದ ಆ ಯುವಕನ ಮುಂದೆ ಸಿರಿಂಜ್ ಹಿಡಿದು ನಿಂತಿದ್ದರು.

ಈ ಪರೀಕ್ಷೆಯನ್ನು ಅನುಸರಿಸಬಯಸುವವರಿಗೆ ಒಂದು ಎಚ್ಚರಿಕೆ: ಇದನ್ನು ತೊಳೆದ ಮೇಲೆ, ಆಟೋಕ್ಲೇವಿಗೆ ಹಾಕುವ ಮೊದಲು ಮಾಡಬೇಕು. ಶಾಖಕ್ಕೆ ಸಿಕ್ಕ ಕಿಣ್ವ ಹಾಳಾಗಿ ನೊರೆ ಬಾರದಿರಬಹುದು. ನೊರೆ ಬರಲಿಲ್ಲವೆಂದ ಮಾತ್ರಕ್ಕೆ ಉಪಕರಣ ಶುದ್ಧವೆಂದು ಹೇಳಲಾಗದು. ಪರೀಕ್ಷೆಯ ನಂತರ ಉಪಕರಣವನ್ನು ಚೆನ್ನಾಗಿ ಜಾಲಿಸಬೇಕು. ನಾವು ಇದನ್ನು ಕಲಿಸುವ ಸಾಧನವಾಗಿ ಬಳಸಿದೆವೇ ಹೊರತು ಗುಣಮಟ್ಟದ ಪ್ರಮಾಣಪತ್ರವಾಗಿ ಅಲ್ಲ.

ನಿಯಮ ಸರಳವಾಗಿತ್ತು. ಒಬ್ಬರು ಮಾಡುವುದನ್ನು ಇನ್ನೊಬ್ಬರು ಹೆಜ್ಜೆ ಹೆಜ್ಜೆಗೆ ಗುರುತು ಹಾಕುತ್ತ ನೋಡುತ್ತಾರೆ. ಮೂರು ಬೇರೆ ಬೇರೆ ದಿನ ಒಂದು ಹೆಜ್ಜೆಯೂ ತಪ್ಪದೆ ಮಾಡಿ ತೋರಿಸಿ, ಪ್ರತಿ ಹೆಜ್ಜೆಯ ‘ಯಾಕೆ’ಯನ್ನು ತಮ್ಮ ಮಾತಿನಲ್ಲಿ ಹೇಳುವವರೆಗೆ ಯಾರೂ ಆ ಜಾಗದಲ್ಲಿ ಒಬ್ಬರೇ ಕೆಲಸ ಮಾಡುವಂತಿಲ್ಲ. ಕಾಯಂ ನೌಕರರಿಗೂ ಇದೇ ನಿಯಮ, ನನಗೂ ಇದೇ ನಿಯಮ. ಮೊದಲ ದಿನ ನಾನು ಆರನೆಯ ಹೆಜ್ಜೆಯಲ್ಲಿ ತಪ್ಪಿದೆ, ಅದು ಪಟ್ಟಿಯಲ್ಲಿ ದಾಖಲಾಯಿತು.

ಥಿಯೇಟರಿನವರೂ ಇದರಲ್ಲಿ ಸೇರಬೇಕಾಯಿತು. ಉಪಕರಣಗಳನ್ನು ಸಲೈನಿನಲ್ಲಿ ನೆನೆಹಾಕಿ ಗಂಟೆಗಟ್ಟಲೆ ಬಿಡುವುದರಿಂದ ಕ್ಲೋರೈಡ್ ತಾಗಿ ಸ್ಟೀಲಿನಲ್ಲಿ ಸಣ್ಣ ಗುಳಿಗಳಾಗುತ್ತವೆ, ಆ ಗುಳಿಗಳಲ್ಲಿ ಕೊಳೆ ಕೂರುತ್ತದೆ. ಶಸ್ತ್ರಕ್ರಿಯೆ ಮುಗಿದ ಕೂಡಲೇ ಒರೆಸಿ, ಲಾಕ್ ಬಿಚ್ಚಿ, ಒದ್ದೆ ಟವೆಲ್ ಮುಚ್ಚಿ ಕಳಿಸುವುದು ಅವರ ಪಾಲಿನ ಹೆಜ್ಜೆಯಾಯಿತು. ಹೊಟ್ಟೆಗೆ ಸಣ್ಣ ರಂಧ್ರ ಹಾಕಿ ಮಾಡುವ ಲ್ಯಾಪರೋಸ್ಕೋಪಿಯ ಉಪಕರಣಗಳನ್ನು ಎರಡು ಕೇಸುಗಳ ನಡುವೆ ಇಪ್ಪತ್ತು ನಿಮಿಷ ಗ್ಲುಟರಾಲ್ಡಿಹೈಡ್ ಎಂಬ ಸೋಂಕುನಿವಾರಕದಲ್ಲಿ ಮುಳುಗಿಸಿ ನಲ್ಲಿ ನೀರಿನಲ್ಲಿ ಜಾಲಿಸುವ ಪದ್ಧತಿಯನ್ನೂ ಇದೇ ಸಂದರ್ಭದಲ್ಲಿ ಕೈಬಿಟ್ಟೆವು. ಅಷ್ಟು ಹೊತ್ತಿನಲ್ಲಿ ಆಗುವುದು ಉನ್ನತ ಮಟ್ಟದ ಸೋಂಕುನಿವಾರಣೆ ಮಾತ್ರ, ಸ್ಟೆರಿಲೈಸೇಶನ್ ಅಲ್ಲ. ರಂಧ್ರ ಹಾಕಿದ ಜಾಗದಲ್ಲಿ ವಾರಗಳ ನಂತರ ಕಾಣಿಸಿಕೊಂಡು ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಮೈಕೋಬ್ಯಾಕ್ಟೀರಿಯಾ ಸೋಂಕುಗಳು ಭಾರತದ ಹಲವು ಆಸ್ಪತ್ರೆಗಳಿಂದ ವರದಿಯಾಗಿರುವುದನ್ನು ಶಸ್ತ್ರಚಿಕಿತ್ಸಕರೂ ಬಲ್ಲರು, ಆದ್ದರಿಂದ ಇಲ್ಲಿ ವಾದ ಹೆಚ್ಚು ನಡೆಯಲಿಲ್ಲ.

ವಾದ ನಡೆದದ್ದು ವೇಗದ ಬಗ್ಗೆ. ತರಬೇತಿಯಾದ ಮೇಲೆ ಸೆಟ್‌ಗಳು ಬೇಗ ಬರಬೇಕೆಂದು ಆಡಳಿತ ನಿರೀಕ್ಷಿಸಿತ್ತು, ಆದರೆ ತಡವಾಗಿ ಬರತೊಡಗಿದವು. 134 ಡಿಗ್ರಿಯಲ್ಲಿ ಹಬೆ ನಿಲ್ಲಬೇಕಾದದ್ದು ಮೂರು ನಾಲ್ಕು ನಿಮಿಷವಷ್ಟೇ ಆದರೂ ತೊಳೆಯುವುದು, ಪರೀಕ್ಷಿಸುವುದು, ಕಟ್ಟುವುದು, ಪೂರ್ತಿ ಸೈಕಲ್, ಒಣಗುವುದು, ತಣಿಯುವುದು ಎಲ್ಲ ಸೇರಿದರೆ ನಮ್ಮಲ್ಲಿ ಮೂರು ಗಂಟೆಗೆ ಕಡಿಮೆಯಾಗುತ್ತಿರಲಿಲ್ಲ. ಹರ್ನಿಯಾ ಸೆಟ್‌ಗಳು ಇದ್ದದ್ದು ಮೂರು, ಕೆಲವು ದಿನ ಪಟ್ಟಿಯಲ್ಲಿರುತ್ತಿದ್ದ ಕೇಸುಗಳು ಐದು. ಈ ಕೊರತೆಯನ್ನು ಇಷ್ಟು ಕಾಲ ತುಂಬುತ್ತಿದ್ದದ್ದು ಅರ್ಧಕ್ಕೇ ತೆಗೆದ ಬಾಗಿಲು ಮತ್ತು ಸೀಲಿಂಗ್ ಫ್ಯಾನ್. ಈ ಒಂದು ಪುಟದ ಲೆಕ್ಕವನ್ನು ಅಧೀಕ್ಷಕರ ಮುಂದಿಟ್ಟೆ. ಎರಡು ಹೊಸ ಸೆಟ್ ಬಂದವು, ಪಟ್ಟಿಯ ಕ್ರಮವೂ ಬದಲಾಯಿತು.

ಉಳಿದುಹೋದ ಒದ್ದೆ

ಎಲ್ಲರೂ ಒಂದೇ ರೀತಿ ಮಾಡತೊಡಗಿದ ಮೇಲೂ ಒದ್ದೆ ಪ್ಯಾಕುಗಳು ಪೂರ್ತಿ ನಿಲ್ಲಲಿಲ್ಲ. ಮೊದಲಿನ ದಿನಗಳಾಗಿದ್ದರೆ ಯಾರೋ ಬೇಗ ಬಾಗಿಲು ತೆಗೆದಿರಬೇಕೆಂದು ನಾವು ಸುಮ್ಮನಾಗುತ್ತಿದ್ದೆವು. ಈಗ ಹಾಗೆ ಹೇಳುವಂತಿರಲಿಲ್ಲ. ಯಾವ ಪ್ಯಾಕ್, ಯಾವ ಪಾಳಿ, ಯಾವ ತಟ್ಟೆ ಎಂದು ಆ ಯುವಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದ. ಪಾಳಿ ಬದಲಾದರೂ, ಕೈ ಬದಲಾದರೂ ಒದ್ದೆಯಾಗುತ್ತಿದ್ದದ್ದು ದೊಡ್ಡ ಯಂತ್ರದ ಕೆಳತಟ್ಟೆಯಲ್ಲಿ, ಹಿಂಬದಿಯ ಮೂಲೆಯ ಪ್ಯಾಕುಗಳು. ತಂತ್ರಜ್ಞರನ್ನು ಕರೆಸಿ ಬಿಚ್ಚಿಸಿದಾಗ, ತಣಿದ ನೀರನ್ನು ಹೊರಬಿಡಬೇಕಾದ ಸ್ಟೀಮ್ ಟ್ರ್ಯಾಪಿನಲ್ಲಿ ಸುಣ್ಣದಂಥ ಬಿಳಿ ಚಕ್ಕೆ ಕಟ್ಟಿಕೊಂಡಿತ್ತು. ಬಾಯ್ಲರಿಗೆ ಹೋಗುತ್ತಿದ್ದದ್ದು ಮೆದುಗೊಳಿಸದ ಕೊಳವೆಬಾವಿಯ ಗಡಸು ನೀರು. ತೊಳೆದ ಉಪಕರಣಗಳ ಮೇಲೆ ಉಳಿಯುತ್ತಿದ್ದ ಬಿಳಿ ಚುಕ್ಕೆಗಳಿಗೂ ಅದೇ ನೀರು ಕಾರಣ. ಬಾಯ್ಲರಿಗೆ ಸಾಫ್ಟ್‌ನರ್ ಮತ್ತು ಕೊನೆಯ ಜಾಲಾಡಿಕೆಗೆ ಆರ್‌ಓ ನೀರು ಬಂದ ಮೇಲೆ ಎರಡೂ ನಿಂತವು.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಒಂಬತ್ತು ಮಂದಿ ಒಂಬತ್ತು ರೀತಿ ಕೆಲಸ ಮಾಡುತ್ತಿದ್ದಾಗ ಯಂತ್ರದ ದೋಷ, ನೀರಿನ ದೋಷ, ಸೆಟ್‌ಗಳ ಕೊರತೆ ಎಲ್ಲವೂ ಯಾರಾದರೊಬ್ಬರ ಕೈಯ ತಪ್ಪಿನ ಹೆಸರಿನಲ್ಲಿ ಅಡಗಿಹೋಗುತ್ತಿದ್ದವು. ಕೈಗಳು ಒಂದಾದ ಮೇಲೆ, ಕೈಗಳದ್ದಲ್ಲದ ತಪ್ಪು ಯಾವುದೆಂದು ಕಾಣಿಸಿತು. ಶಸ್ತ್ರಕ್ರಿಯೆಯ ಗಾಯದ ಸೋಂಕು ಕಡಿಮೆಯಾಯಿತೆಂದು ನಾನು ಹೇಳುವುದಿಲ್ಲ. ಮನೆಗೆ ಹೋದ ರೋಗಿಗಳನ್ನು ನಾವು ಸರಿಯಾಗಿ ಹಿಂಬಾಲಿಸಿರಲಿಲ್ಲ, ಆ ಲೆಕ್ಕವಿಲ್ಲದೆ ಹಾಗೆ ಹೇಳುವುದು ತಪ್ಪು.

ಗುತ್ತಿಗೆ ಬದಲಾದಾಗ

ವರ್ಷ ತುಂಬುವ ಮೊದಲೇ ಹೊರಗುತ್ತಿಗೆಯ ಏಜೆನ್ಸಿ ಬದಲಾಯಿತು. ಆರು ಮಂದಿಯಲ್ಲಿ ಐವರು ಒಂದೇ ತಿಂಗಳಲ್ಲಿ ಹೋದರು, ಬಂದ ಹೊಸಬರನ್ನು ಜನ ಸಾಲದ ಕಾರಣ ಮೊದಲ ದಿನವೇ ಪಾಳಿಗೆ ಹಾಕಲಾಯಿತು. ಆ ವಾರವೇ ಲಾಕ್ ಹಾಕಿದ ಫೋರ್ಸೆಪ್ಸ್‌ಗಳು ಪ್ಯಾಕಿಂಗ್ ಮೇಜಿಗೆ ಬಂದವು. ಹಿರಿಯ ನೌಕರಳು ಅವನ್ನು ತಟ್ಟೆಯ ಸಮೇತ ವಾಪಸ್ ಕಳಿಸಿದರು, ಎರಡು ಕೇಸುಗಳು ಮುಂದಕ್ಕೆ ಹೋದವು. ಶಸ್ತ್ರಚಿಕಿತ್ಸಕರೊಬ್ಬರು ಸಿಎಸ್‌ಎಸ್‌ಡಿಯ ಬಾಗಿಲಿಗೆ ಬಂದು ಜೋರಾಗಿ ಮಾತಾಡಿದರು. ಹಿರಿಯ ನೌಕರಳು ಪಟ್ಟಿಯನ್ನು ತೋರಿಸಿ, ‘ಮೂರ ದಿನ ಮಾಡಿ ತೋರಿಸಿಲ್ರಿ ಇವರು, ನಾ ಸಹಿ ಹಾಕೂದಿಲ್ಲ’ ಎಂದರು. ಅಧೀಕ್ಷಕರು ಆಕೆಯ ಪರವಾಗಿ ನಿಂತರು. ಮುಂದಿನ ಗುತ್ತಿಗೆ ಕರಾರಿನಲ್ಲಿ, ಹೊಸಬರು ಎರಡು ವಾರ ಹಳಬರ ಜೊತೆ ಇದ್ದು ಕಲಿತ ಮೇಲೆಯೇ ಹಳಬರನ್ನು ಬಿಡುಗಡೆ ಮಾಡಬೇಕೆಂಬ ಷರತ್ತು ಸೇರಿತು.

ಆ ಹಿರಿಯ ನೌಕರಳ ಸಂಬಳ ಮಾತ್ರ ಬದಲಾಗಲಿಲ್ಲ. ಸಿಎಸ್‌ಎಸ್‌ಡಿಗೆ ‘ತರಬೇತುದಾರ’ ಎಂಬ ಒಂದು ಹುದ್ದೆ ಬೇಕು, ಅದಕ್ಕೆ ವಿದ್ಯಾರ್ಹತೆಯ ಬದಲು ಅನುಭವವನ್ನು ಪರಿಗಣಿಸಬೇಕು ಎಂದು ನಾನು ಬರೆದ ಪತ್ರಕ್ಕೆ, ಏಳನೇ ತರಗತಿ ಪಾಸಾದವರಿಗೆ ಅಂಥ ಹುದ್ದೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ನಿಯಮ ತಿದ್ದುವಂತೆ ಕೋರಿ ಎರಡನೆಯ ಪತ್ರ ಬರೆದಿದ್ದೇನೆ, ಅದರ ಜೊತೆ ಆಕೆ ಈವರೆಗೆ ಕಲಿಸಿ ಸಹಿ ಹಾಕಿದ ಎಲ್ಲರ ಪಟ್ಟಿಗಳನ್ನೂ ಲಗತ್ತಿಸಿದ್ದೇನೆ.